ಪದವಿ ತರಗತಿಯಲ್ಲಿ ಹೊರಗಿನ ವಿಷಯಗಳು ಏಕೆ?

ಹೋದ ಭಾನುವಾರ ವಾಚನಾಲಯದ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಸದಸ್ಯರೊಬ್ಬರು ಕೈಯಲ್ಲಿ ಒಂದು ಕಾಗದ ಹಿಡಿದು ಕಾಯುತ್ತ ನಿಂತಿದ್ದರು. ಅವರು ಎರ್ನಾಕುಳದ ಹೋಟೆಲೊಂದರಲ್ಲಿ ಬಹಳ ವರ್ಷಗಳಿಂದ ಗಲ್ಲಾ ನೋಡಿಕೊಳ್ಳುವವರು. ಮಗಳಿಗೆ ಬಿ.ಎಸ್ಸಿ. ರಸಾಯನಶಾಸ್ತ್ರಕ್ಕೆ ಸೀಟು ಸಿಕ್ಕಿದೆ. ಕಾಲೇಜಿನವರು ಕೊಟ್ಟ ಪಟ್ಟಿಯಲ್ಲಿ ರಸಾಯನಶಾಸ್ತ್ರದ ಜೊತೆಗೆ ಇತಿಹಾಸ, ಪರಿಸರ, ಭಾಷೆ, ಇನ್ನೂ ಏನೇನೋ ಇದ್ದುವು.

“ನೋಡಿ ಮಾರಾಯ್ರೆ, ಇವಳು ಕೆಮಿಸ್ಟ್ರಿ ಕಲಿಯಲಿಕ್ಕೆ ಹೋಗುವುದೋ, ಊರಿನ ಕಥೆ ಕಲಿಯಲಿಕ್ಕೋ? ಮೇಲಿಂದ ನಾಲ್ಕು ವರ್ಷ ಅಂತ ಹೇಳ್ತಾರೆ. ನಾಲ್ಕು ವರ್ಷದ ಫೀಸು ನಾನು ಎಲ್ಲಿಂದ ತರಲಿ?” ಎಂದು ಕೇಳಿದರು.

ನಾನು ಮೆಟ್ರಿಕ್ಕಿಗೆ ನಿಂತವನು, ಮಿಲ್ಲಿನ ಹಾಜರಿ ಪುಸ್ತಕ ಬರೆಯುವವನು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆದರೂ ಕೇಳಿದವರಿಗೆ ಉತ್ತರ ಕೊಡಬೇಕಷ್ಟೆ. ವಾರವಿಡೀ ಹುಡುಕಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ಇದೇ ಪ್ರಶ್ನೆ ನಿಮ್ಮ ಮನೆಗೂ ಬಂದೀತು.

ಮೊದಲು ಫೀಸಿನ ಮಾತು. ಕೇರಳದಲ್ಲಿ ನಾಲ್ಕು ವರ್ಷದ ಪದವಿ ಕ್ರಮ 2024ನೆಯ ಜುಲೈ 1ರಂದು ಆರಂಭವಾಯಿತು. ಉದ್ಘಾಟನೆ ತಿರುವನಂತಪುರದ ಸರಕಾರಿ ಮಹಿಳಾ ಕಾಲೇಜಿನಲ್ಲಿ ನಡೆಯಿತು. ಆದರೆ ನಾಲ್ಕನೆಯ ವರ್ಷ ಕಡ್ಡಾಯವಲ್ಲ. ಮೂರು ವರ್ಷ ಮುಗಿಸಿ 133 ಕ್ರೆಡಿಟ್ ಗಳಿಸಿದವರು ಹಿಂದಿನಂತೆಯೇ ಪದವಿ ಪಡೆದು ಹೊರಬರಬಹುದು. 177 ಗಳಿಸಿ ನಾಲ್ಕನೆಯ ವರ್ಷ ಮುಗಿಸಿದವರದು ಆನರ್ಸ್ ಪದವಿ. ಕ್ರೆಡಿಟ್ ಎಂದರೆ ಪಾಠದ ಅಳತೆ. ಸುಮಾರು 15 ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್. ಈ ಮಾತು ಕೇಳಿದ ಮೇಲೆ ಅವರ ಮುಖ ಸ್ವಲ್ಪ ಗೆಲುವಾಯಿತು.

ಇನ್ನು ಹೊರಗಿನ ವಿಷಯಗಳು. ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗ ನೇಮಕವಾಯಿತು. 1949ರ ವರದಿಯಲ್ಲಿ ಅದು ‘ಸಾಮಾನ್ಯ ಶಿಕ್ಷಣ’ವನ್ನು ಪದವಿ ತರಗತಿಗೆ ತರಬೇಕೆಂದು ಶಿಫಾರಸು ಮಾಡಿತು. ಒಂದೇ ವಿಷಯದ ಇಕ್ಕಟ್ಟಿನೊಳಗೆ ಬೆಳೆದವನಿಗೆ ಕಸುಬು ತಿಳಿದೀತು, ಆದರೆ ದೇಶದ ಆಗುಹೋಗು ತಿಳಿಯದು ಎಂಬ ಆತಂಕ ಅದರ ಹಿಂದೆ ಇತ್ತು.

ಆದರೆ ಇಲ್ಲಿಯ ಕಾಲೇಜುಗಳಲ್ಲಿ ಬಹುಕಾಲ ಈ ಸಾಮಾನ್ಯ ಶಿಕ್ಷಣವೆಂದರೆ ಮುಖ್ಯವಾಗಿ ಭಾಷೆಯೇ ಆಗಿತ್ತು. ಒಂದನೆಯ ಭಾಗ ಇಂಗ್ಲಿಷ್, ಎರಡನೆಯದು ಇನ್ನೊಂದು ಭಾಷೆ, ಮೂರನೆಯದು ಆರಿಸಿಕೊಂಡ ವಿಷಯ. 2009ರಲ್ಲಿ ಸೆಮಿಸ್ಟರ್ ಮತ್ತು ಕ್ರೆಡಿಟ್ ಪದ್ಧತಿ ಬಂದಮೇಲೂ ಸ್ವರೂಪ ಹೆಚ್ಚು ಬದಲಾಗಲಿಲ್ಲ. ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಹಳೆಯ ಲೆಕ್ಕವನ್ನೇ ನೋಡಿ: ಬಿ.ಎ., ಬಿ.ಎಸ್ಸಿ.ಗಳ 120 ಕ್ರೆಡಿಟ್‌ಗಳಲ್ಲಿ 38 ಸಾಮಾನ್ಯ ವಿಷಯಗಳಿಗೆ. ಅದರಲ್ಲಿ ಇಂಗ್ಲಿಷಿಗೆ 22, ಎರಡನೆಯ ಭಾಷೆಗೆ 16.

ಹೊಸ ಕ್ರಮದಲ್ಲಿ ಅಲ್ಲಿ 133ರಲ್ಲಿ 68 ಮುಖ್ಯ ವಿಷಯಕ್ಕೆ, 24 ಉಪವಿಷಯಗಳಿಗೆ, 2 ಕೆಲಸದ ತರಬೇತಿಗೆ. ಉಳಿದ 39 ಸಾಮಾನ್ಯ ಶಿಕ್ಷಣಕ್ಕೆ. ಒಟ್ಟು ಮೊತ್ತ ಹೆಚ್ಚುಕಡಿಮೆ ಹಿಂದಿನಷ್ಟೇ, ಹಂಚಿಕೆ ಬೇರೆ. ಪಟ್ಟಿಯಲ್ಲಿ ಎ.ಇ.ಸಿ. ಎಂದಿರುವುದು ಭಾಷೆ, ಅದಕ್ಕೆ 12. ಎಂ.ಡಿ.ಸಿ. ಎಂದರೆ ತನ್ನದಲ್ಲದ ವಿಭಾಗದಿಂದ ಕಲಿಯುವ ವಿಷಯ, 9. ಎಸ್.ಇ.ಸಿ. ಎಂದರೆ ಕೈಗೆ ಬರುವ ಕೌಶಲ, 9. ವಿ.ಎ.ಸಿ. ಎಂದರೆ ಪರಿಸರ, ಸಂವಿಧಾನ, ಆರೋಗ್ಯ ಮುಂತಾದ ತಿಳುವಳಿಕೆ, 9. ನಮ್ಮ ಸದಸ್ಯರ ಮಗಳ ಇತಿಹಾಸ ಎಂ.ಡಿ.ಸಿ. ಲೆಕ್ಕದ್ದು. ಅದು ರಸಾಯನಶಾಸ್ತ್ರದ ಪಾಠವನ್ನು ಕದ್ದದ್ದಲ್ಲ, ಹೆಚ್ಚಾಗಿ ಭಾಷೆಯ ಪಾಲಿನಿಂದ ಬಂದದ್ದು. ಭಾಷಾ ಅಧ್ಯಾಪಕರು ತಮ್ಮ ಪಾಠದ ಗಂಟೆಗಳು ಕಡಿಮೆಯಾಗುತ್ತವೆಂದು ತಕರಾರು ಮಾಡಿದ್ದೂ ಅದಕ್ಕೇ.

ಇಂಥ ಬದಲಾವಣೆ ಅವಸರದಲ್ಲಿ ಮಾಡಿದರೆ ಏನಾಗುತ್ತದೆಂಬುದಕ್ಕೆ ದಿಲ್ಲಿಯ ಕಥೆ ಇದೆ. ದಿಲ್ಲಿ ವಿಶ್ವವಿದ್ಯಾನಿಲಯ 2013ರಲ್ಲಿ ನಾಲ್ಕು ವರ್ಷದ ಪದವಿ ತಂದು, ಯಾವ ವಿಷಯದವರೇ ಆಗಲಿ, ಎಲ್ಲರೂ ಅವೇ 11 ಅಡಿಪಾಯದ ವಿಷಯಗಳನ್ನು ಓದಬೇಕೆಂದಿತು. ಸಾಹಿತ್ಯದವನಿಗೂ ಗಣಿತ, ಗಣಿತದವನಿಗೂ ಅದೇ ಗಣಿತ! ವಿದ್ಯಾರ್ಥಿಗಳೂ ಅಧ್ಯಾಪಕರೂ ಪ್ರತಿಭಟಿಸಿದರು. 2014ರ ಜೂನಿನಲ್ಲಿ ಅದು ರದ್ದಾಯಿತು. ಕೇರಳದಲ್ಲಿ ಶ್ಯಾಮ್ ಬಿ. ಮೆನನ್ ಅವರ ಆಯೋಗ 2022ರಲ್ಲಿ ವರದಿ ಕೊಟ್ಟ ಮೇಲೆ ಪಠ್ಯಕ್ರಮದ ಚೌಕಟ್ಟು ಸಿದ್ಧವಾಯಿತು, ಮತ್ತು ಇಲ್ಲಿ ಆಯ್ಕೆಗೆ ಎಡೆಯಿದೆ. ಇದು ಒಳ್ಳೆಯದೆಂದೇ ನನ್ನ ಎಣಿಕೆ. ಆದರೆ ಕಾಗದದ ಮೇಲಿನ ಆಯ್ಕೆ ಬೇರೆ, ಕಾಲೇಜಿನ ವೇಳಾಪಟ್ಟಿ ಬೇರೆ. ನಾಲ್ಕೇ ವಿಭಾಗಗಳ ಸಣ್ಣ ಕಾಲೇಜಿನಲ್ಲಿ ಎಷ್ಟು ಆರಿಸಲಾದೀತು? ಊಟದ ಪಟ್ಟಿ ಉದ್ದವಿದ್ದು ಅಡಿಗೆಮನೆಯಲ್ಲಿ ಇಡ್ಲಿ ಮಾತ್ರ ಇದ್ದಂತೆ ಎಂದು ನಾನು ಹೇಳಿದಾಗ ಹೋಟೆಲಿನವರಾದ ಅವರಿಗೆ ಅದು ಕೂಡಲೇ ಅರ್ಥವಾಯಿತು.

ನಮ್ಮ ಕನ್ನಡದ ಗತಿ ಇಲ್ಲಿಯೇ ಇದೆ. ಎರಡನೆಯ ಭಾಷೆಗೆ ಇರುವ ಗಂಟೆಗಳೇ ಕಡಿಮೆಯಾದಾಗ, ಮಕ್ಕಳು ಕಡಿಮೆ ಇರುವ ಭಾಷೆಗೆ ಪೆಟ್ಟು ಹೆಚ್ಚು. ಕಣ್ಣೂರು ವಿಶ್ವವಿದ್ಯಾನಿಲಯದ ಕೆಳಗಿನ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವೇ ಇದೆ, ಎಂ.ಎ.ವರೆಗೂ ಓದಬಹುದು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜಿದೆ. ಕೊಚ್ಚಿಯಲ್ಲಿಯೋ ತಿರುವನಂತಪುರದಲ್ಲಿಯೋ ಓದುವ ನಮ್ಮ ಮಕ್ಕಳಿಗೆ ಆ ಅನುಕೂಲ ಸುಲಭವಲ್ಲ. ಅವರು ಸಾಮಾನ್ಯವಾಗಿ ಮಲಯಾಳವನ್ನೋ ಹಿಂದಿಯನ್ನೋ ಹಿಡಿಯುತ್ತಾರೆ. ಮಲಯಾಳ ಕಲಿಯುವುದು ತಪ್ಪಲ್ಲ, ಅನ್ನ ಕೊಡುವ ಊರಿನ ಭಾಷೆ ಅದು. ಆದರೆ ಕನ್ನಡದ ಅಕ್ಷರ ಮರೆತು ಹೋಗದಂತೆ ನೋಡುವ ಕೆಲಸ ಇಲ್ಲಿ ಮನೆಗೂ ಈ ವಾಚನಾಲಯಕ್ಕೂ ಬಿದ್ದದ್ದು.

“ಹಾಗಾದರೆ ಮಂಗಳೂರಿನಲ್ಲಿ ತಂಗಿಯ ಮನೆಯಲ್ಲಿಟ್ಟು ಓದಿಸಲೇ?” ಎಂದು ಅವರು ಕೇಳಿದರು. ಅಲ್ಲಿಯ ಕ್ರಮವನ್ನು ತಿಳಿದುಕೊಂಡೇ ಹೊರಡಬೇಕು. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಕ್ರಮ ತಂದಿತು. 2024ರಲ್ಲಿ, ಕೇರಳ ಅದನ್ನು ಆರಂಭಿಸಿದ ವರ್ಷವೇ, ಅದನ್ನು ಬಿಟ್ಟು ಮೂರು ವರ್ಷಕ್ಕೆ ಮರಳಿತು. ಗಡಿಯ ಆಚೆ ಒಂದು ಲೆಕ್ಕ, ಈಚೆ ಒಂದು ಲೆಕ್ಕ. ನಡುವೆ ಕಾಲೇಜು ಬದಲಿಸುವ ಯೋಚನೆಯಿದ್ದರೆ ಎರಡು ಕಡೆಯ ಕ್ರೆಡಿಟ್ ಹೊಂದುತ್ತದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.

ಸೇರುವ ಮೊದಲು ಕಾಲೇಜಿನ ಕಚೇರಿಯಲ್ಲಿ ಕೇಳಬೇಕಾದದ್ದು ಇಷ್ಟು: ಎಂ.ಡಿ.ಸಿ.ಗೆ ಈ ವರ್ಷ ನಿಜವಾಗಿ ಯಾವ ಯಾವ ವಿಷಯ ನಡೆಯುತ್ತದೆ, ಎರಡನೆಯ ಭಾಷೆಗೆ ಯಾರು ಅಧ್ಯಾಪಕರಿದ್ದಾರೆ, ಕೌಶಲದ ವಿಷಯಕ್ಕೆ ಹೆಚ್ಚಿನ ಫೀಸು ಉಂಟೇ. ಪ್ಲಸ್ ಟೂನಲ್ಲಿ ಓದಿದ್ದನ್ನೇ ಎಂ.ಡಿ.ಸಿ.ಯಾಗಿ ಮತ್ತೆ ತೆಗೆದುಕೊಳ್ಳಬಾರದೆಂದು ಯು.ಜಿ.ಸಿ.ಯ ಚೌಕಟ್ಟು ಹೇಳುತ್ತದೆ; ಅದನ್ನೂ ವಿಚಾರಿಸಿ.

ಆ ಹುಡುಗಿ ಇತಿಹಾಸವನ್ನೇ ಇಟ್ಟುಕೊಂಡಿದ್ದಾಳಂತೆ. ತಂದೆಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. ಅವರ ಕಾಗದದ ಪ್ರತಿಯೊಂದನ್ನು ಪತ್ರಿಕೆಗಳ ಮೇಜಿನ ಮೇಲೆ ಇಟ್ಟಿದ್ದೇನೆ. ಬೇಕಾದವರು ಸಂಜೆ ಆರರ ನಂತರ ಬಂದು ನೋಡಬಹುದು. ದಯವಿಟ್ಟು ಮನೆಗೆ ಒಯ್ಯಬೇಡಿ.