ಡೇಂಜರ್ ತಗಡಿನ ಹಿಂದೆ ಕೂತ ಧಣಿ

ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ತಲೆಬುರುಡೆ, ಎರಡು ಮೂಳೆ ಬರೆದ ‘ಡೇಂಜರ್’ ತಗಡು ಕಟ್ಟಿರುತ್ತಾರೆ. ಆ ಪದದೊಳಗೆ ಒಬ್ಬ ಧಣಿ ಕೂತಿದ್ದಾನೆ. ಲ್ಯಾಟಿನ್‌ನಲ್ಲಿ ಅವನು ‘ಡಾಮಿನಸ್’. ಮನೆಗೆ ಅಲ್ಲಿ ‘ಡೋಮಸ್’ ಎನ್ನುತ್ತಾರೆ, ಇವನು ಆ ಮನೆಯ ಯಜಮಾನ, ಅಲ್ಲಿನ ಗುಲಾಮರ ಒಡೆಯ. ರೋಮ್ ಸಾಮ್ರಾಜ್ಯ ಅಳಿದರೂ ಈತ ಇಂಗ್ಲಿಷಿನ ಹತ್ತಾರು ಪದಗಳಲ್ಲಿ ಠಿಕಾಣಿ ಹೂಡಿದ. ಅವುಗಳ ಸುತ್ತ ಹಬ್ಬಿದ ಕಥೆಗಳೂ ಕಡಿಮೆಯಿಲ್ಲ.

ತಪ್ಪು ಕಲ್ಪನೆ: ಡೇಂಜರ್ ಎಂದರೆ ಮೊದಲಿನಿಂದಲೂ ಅಪಾಯ.

ವಾಸ್ತವ: ಮೊದಲು ಅದು ಅಧಿಕಾರ. ಡಾಮಿನಸ್‌ನಿಂದ ಹುಟ್ಟಿ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಈ ಪದಕ್ಕೆ ಧಣಿಯ ಹಿಡಿತ, ಕೇಡು ಮಾಡಬಲ್ಲ ಅವನ ಶಕ್ತಿ ಎಂಬ ಅರ್ಥವಿತ್ತು. ಒಬ್ಬನ ‘ಡೇಂಜರ್’ನಲ್ಲಿದ್ದೇನೆ ಎಂದರೆ ನನ್ನ ಜುಟ್ಟು ಅವನ ಕೈಯಲ್ಲಿದೆ ಎಂದಂತೆ. ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ನ್ಯಾಯಾಲಯದ ದೃಶ್ಯದಲ್ಲಿ, ಸಾಲ ತೀರಿಸಲಾಗದ ಆಂಟೋನಿಯೊ ಶೈಲಾಕನ ಮುಷ್ಟಿಯಲ್ಲಿರುವುದನ್ನು ಹೇಳಲು ಬಳಕೆಯಾಗಿರುವುದು ಇದೇ ಪದ, ಇದೇ ಹಳೆಯ ಅರ್ಥದಲ್ಲಿ. ಧಣಿಯ ಕೈಗೆ ಸಿಕ್ಕವನಿಗೆ ಕೇಡು ತಪ್ಪಿದ್ದಲ್ಲ. ಕಾಲ ಕಳೆದಂತೆ ಧಣಿ ಮರೆಗೆ ಸರಿದ, ಕೇಡು ಉಳಿಯಿತು. ಸಾಲ ಮಾಡಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಪ್ಪು ಕಲ್ಪನೆ: ಡಂಜನ್ ಎಂದರೆ ಮೊದಲಿನಿಂದಲೂ ನೆಲಮಾಳಿಗೆಯ ಕತ್ತಲ ಕೋಣೆ.

ವಾಸ್ತವ: ಡಾಮಿನಸ್ ಬಳಗದ ಈ ಪದ ಮೊದಲು ಕೋಟೆಯ ಅತಿ ಎತ್ತರದ ಗೋಪುರವಾಗಿತ್ತು, ಒಡೆಯನ ನೆಲೆ. ಫ್ರೆಂಚಿನ ‘ದೊಂಜೊಂ’ಗೆ ಇಂದಿಗೂ ಅದೇ ಅರ್ಥ. ಪ್ಯಾರಿಸ್ ಪಕ್ಕದ ವ್ಯಾನ್ಸೆನ್ ಕೋಟೆಯಲ್ಲಿ 14ನೇ ಶತಮಾನದ ದೊಂಜೊಂ ಸುಮಾರು 50 ಮೀಟರ್ ಎತ್ತರಕ್ಕೆ ನಿಂತಿದೆ. ರಾಜರಿಗೆಂದು ಕಟ್ಟಿಸಿದ್ದು ಮುಂದೆ ಸೆರೆಮನೆಯಾಯಿತು. 1749ರಲ್ಲಿ ಲೇಖಕ ದಿದೆರೊನನ್ನು ಕೂಡಿಹಾಕಿದ್ದು ಈ ಕೋಟೆಯಲ್ಲೇ. ಇಂಗ್ಲಿಷಿನಲ್ಲಂತೂ ಪದವೇ ಗೋಪುರದಿಂದಿಳಿದು ನೆಲದಡಿ ಸೇರಿಕೊಂಡಿತು.

ತಪ್ಪು ಕಲ್ಪನೆ: ‘ಸರ್’ ಎಂದರೆ ‘ನಾನು ನಿಮ್ಮ ಗುಲಾಮ’ ಎಂಬರ್ಥದ ಇಂಗ್ಲಿಷ್ ಮಾತಿನ ಸಂಕ್ಷೇಪ.

ವಾಸ್ತವ: ವಾಟ್ಸ್ಆ್ಯಪ್‌ನಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ ಬರುವ ಈ ಸಂದೇಶ ಶುದ್ಧ ಕಟ್ಟುಕಥೆ. ಸರ್ ಬಂದದ್ದು ಲ್ಯಾಟಿನ್ನಿನ ‘ಸೀನಿಯರ್’ನಿಂದ, ಹಿರಿಯರೇ ಎಂದಷ್ಟೇ ಅರ್ಥ. ಧಣಿತನ ನಿಜವಾಗಿ ಇರುವುದು ‘ಮೇಡಂ’ನಲ್ಲಿ. ಡಾಮಿನಸ್‌ನ ಸ್ತ್ರೀರೂಪ ಡಾಮಿನ ಸವೆದು ಫ್ರೆಂಚಿನ ‘ದಾಮ್’ ಆಗಿ, ಅದಕ್ಕೆ ‘ನನ್ನ’ ಸೇರಿ ‘ಮದಾಮ್’ ಆಯಿತು: ನನ್ನ ಒಡತಿ! ಅದರ ಬಗ್ಗೆ ಯಾರೂ ಫಾರ್ವರ್ಡ್ ಕಳಿಸಿದ್ದು ಕಾಣೆ. ಅಂದಹಾಗೆ, ದಾರಿಯಲ್ಲಿ ಸಿಕ್ಕವರ ಹೆಸರು ನೆನಪಾಗದಿದ್ದರೆ ಡಾಮಿನಸ್ ಎಂದು ಕರೆದು ಪಾರಾಗುತ್ತೇವೆ ಎಂದು ರೋಮಿನ ತತ್ವಜ್ಞಾನಿ ಸೆನೆಕನೇ ಬರೆದಿದ್ದಾನೆ. ನಮ್ಮ ‘ಏನ್ ಸಾರ್, ಚೆನ್ನಾಗಿದ್ದೀರಾ’ ಮಾಡುವ ಕೆಲಸವೂ ಬಹಳ ಸಲ ಅದೇ.

ತಪ್ಪು ಕಲ್ಪನೆ: ಇಸವಿಯ ಜೊತೆ ಬರುವ ಎ.ಡಿ. ಎಂದರೆ ಕ್ರಿಸ್ತನ ಮರಣಾನಂತರ.

ವಾಸ್ತವ: ಹಾಗಾದರೆ ಯೇಸು ಬದುಕಿದ್ದ ವರ್ಷಗಳನ್ನು ಎಲ್ಲಿ ಇಡುವುದು? ಅದು ‘ಆನ್ನೊ ಡಾಮಿನಿ’, ಪ್ರಭುವಿನ ವರ್ಷದಲ್ಲಿ. ನಮ್ಮ ಕ್ರಿಸ್ತಶಕ ಈ ಗೊಂದಲಕ್ಕೆ ಎಡೆಯನ್ನೇ ಕೊಟ್ಟಿಲ್ಲ.

ತಪ್ಪು ಕಲ್ಪನೆ: ‘ಡಾಮಿನೇಟ್’ ನಮ್ಮ ‘ದಮನ’ದಿಂದ ಹೋದ ಪದ.

ವಾಸ್ತವ: ಸದ್ದು ಒಂದೇ ಥರ ಕೇಳಿಸುತ್ತದೆ, ನಿಜ. ಆದರೆ ದಮನದ ನಂಟು ಪಳಗಿಸು ಎಂಬರ್ಥದ ಲ್ಯಾಟಿನ್ ‘ಡೊಮಾರೆ’, ಇಂಗ್ಲಿಷಿನ ‘ಟೇಮ್’ ಜೊತೆಗೆ. ಡಾಮಿನೇಟ್ ಮನೆಯ ಕಡೆಯದು. ಅದರ ಬಳಗ ಸಂಸ್ಕೃತದಲ್ಲಿ ಬೇಕಿದ್ದರೆ ಮದುವೆಯ ಕರೆಯೋಲೆ ತೆರೆಯಿರಿ: ದಂಪತಿ. ವೇದದ ಭಾಷೆಯಲ್ಲಿ ‘ದಮ್’ ಎಂದರೆ ಮನೆ, ದಂಪತಿ ಎಂದರೆ ಮನೆಯೊಡೆಯ. ದ್ವಿವಚನದಲ್ಲಿ ಅದು ಮನೆಯೊಡೆಯ ಮತ್ತು ಒಡತಿ ಇಬ್ಬರೂ. ಗ್ರೀಕರ ‘ಡೆಸ್ಪೊಟೆಸ್’ ಕೂಡ ಇದೇ ಎರಡು ತುಂಡುಗಳಿಂದ ಆದದ್ದು. ಅದು ಇಂಗ್ಲಿಷಿಗೆ ಬಂದು ಡೆಸ್ಪಾಟ್, ಅಂದರೆ ಸರ್ವಾಧಿಕಾರಿ ಆಯಿತು. ನವದಂಪತಿಗಳಿಗೆ ಶುಭ ಕೋರುವಾಗ ಇದನ್ನು ನೆನಪಿಸಬೇಕಾಗಿಲ್ಲ.

ತಪ್ಪು ಕಲ್ಪನೆ: ಮಿನಿಸ್ಟರ್ ದೊಡ್ಡವನು, ಮೇಷ್ಟ್ರು ಚಿಕ್ಕವರು.

ವಾಸ್ತವ: ಇವು ಡಾಮಿನಸ್‌ನ ಬಳಗವಲ್ಲ, ಆದರೆ ಒಡೆಯ-ಆಳಿನ ಲೆಕ್ಕ ಇಲ್ಲೂ ಉಂಟು, ಲ್ಯಾಟಿನ್‌ನಲ್ಲಿ ಅದು ತಿರುಗುಮುರುಗು. ‘ಮ್ಯಾಗಿಸ್’ ಎಂದರೆ ಹೆಚ್ಚು, ಅದರಿಂದ ‘ಮ್ಯಾಜಿಸ್ಟರ್’, ಮೇಲಿನವನು. ‘ಮೈನಸ್’ ಎಂದರೆ ಕಡಿಮೆ, ಅದರಿಂದ ‘ಮಿನಿಸ್ಟರ್’, ಕೈಯಾಳು. ಮ್ಯಾಜಿಸ್ಟರ್ ಇಂಗ್ಲಿಷಿನಲ್ಲಿ ಮಾಸ್ಟರ್ ಆಗಿ, ಕನ್ನಡದ ಶಾಲೆಯಲ್ಲಿ ಮೇಷ್ಟ್ರಾಗಿ ಚಾಕ್‌ಪೀಸ್ ಹಿಡಿಯಿತು. ಪೋರ್ಚುಗೀಸರ ‘ಮೆಸ್ತ್ರೆ’ಯ ದಾರಿಯಲ್ಲಿ ಬಂದದ್ದು ಮೇಸ್ತ್ರಿಯಾಗಿ, ಗಾರೆ ಮೆತ್ತಿದ ಕೈಯಲ್ಲಿ ಕರಣೆ ಹಿಡಿದು, ಕಟ್ಟುತ್ತಿರುವ ಗೋಡೆಗೆ ತೂಕದ ಗುಂಡು ಇಳಿಬಿಟ್ಟು ನೋಡುತ್ತಿದೆ.