ಹಲಸಿನ ಹಲಗೆಗೆ ದೆಹಲಿಯ ಹವೆ

ಕಳೆದ ಮೇ ತಿಂಗಳ ಒಂದು ರಾತ್ರಿ ಗುರುಗ್ರಾಮದ ನಮ್ಮ ಮನೆಯಲ್ಲಿ ‘ಟಪ್’ ಎಂದು ಸದ್ದಾಯಿತು. ಲೈಟ್ ಹಾಕಿ ನೋಡಿದರೆ ಊಟದ ಮೇಜಿನ ಹಲಗೆ ಉದ್ದಕ್ಕೂ ಬಿರಿದಿತ್ತು. ಶಿರಸಿ ಹತ್ತಿರದ ನಮ್ಮ ತೋಟದಲ್ಲಿ ಅಜ್ಜ ನೆಟ್ಟಿದ್ದ ಹಲಸಿನ ಮರ ಮಳೆಗಾಲದ ಗಾಳಿಗೆ ಉರುಳಿದಾಗ ಕೊಯ್ಸಿದ ಹಲಗೆ ಅದು. ಫೋನ್ ಮಾಡಿದೆ. ‘ಎರಡು ವರ್ಷ ಕೊಟ್ಟಿಗೆ ಅಟ್ಟದ ಮೇಲೆ ಒಣಗಿದ ಮರ ಮಾರಾಯ, ಬಿರಿಯೋದು ಹೇಗೆ?’ ಎಂದರು ಅಪ್ಪ.

ಅಪ್ಪನ ಮಾತು ಸುಳ್ಳಲ್ಲ. ಮರ ಒಣಗಿತ್ತು, ಶಿರಸಿಯ ಹವೆಗೆ ತಕ್ಕಷ್ಟು. ಮರ ತನ್ನ ಸುತ್ತಲಿನ ಗಾಳಿಯೊಂದಿಗೆ ಸದಾ ತೇವದ ಲೆಕ್ಕ ಹೊಂದಿಸಿಕೊಳ್ಳುತ್ತದೆ. ಗಾಳಿಯ ತೇವಾಂಶ ಶೇ 85ರ ಆಸುಪಾಸಿನಲ್ಲಿದ್ದರೆ ಮರದ ತೇವ ಸುಮಾರು ಶೇ 18ಕ್ಕೆ ನಿಲ್ಲುತ್ತದೆ. ಉತ್ತರದ ಬೇಸಿಗೆಯಲ್ಲಿ ಗಾಳಿ ಶೇ 30ಕ್ಕೆ ಇಳಿದರೆ ಮರ ಶೇ 6ರವರೆಗೂ ಇಳಿಯುತ್ತದೆ. ಇಳಿದಂತೆ ಕುಗ್ಗುತ್ತದೆ, ಅದೂ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ಬಿರುಕು ಹುಟ್ಟುವುದು ಅಲ್ಲಿ. ಭಾರತೀಯ ಮಾನಕ ಬ್ಯೂರೊ ದೇಶವನ್ನು ಗಾಳಿಯ ತೇವಾಂಶದ ಮೇಲೆ ನಾಲ್ಕು ವಲಯ ಮಾಡಿ, ಎಲ್ಲಿಗೆ ಎಷ್ಟು ಒಣಗಿದ ಮರ ಬೇಕೆಂದು ಹೇಳಿರುವುದು ಇದಕ್ಕಾಗಿಯೇ.

ದೊಡ್ಡ ಕಾರ್ಖಾನೆಗಳು ಹಬೆಯ ಗೂಡಿನಲ್ಲಿ ಮರ ಒಣಗಿಸುತ್ತವೆ. ಬಾಯ್ಲರ್, ಉರುವಲು, ನೋಡಿಕೊಳ್ಳಲು ಆಳು, ಇವೆಲ್ಲ ಊರಿನ ಬಡಗಿಗೆ ಎಟುಕುವಂಥವಲ್ಲ. ಅವನಿಗೆ ಹೊಂದುವುದು ಸೌರ ಗೂಡು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ಇದರ ವಿನ್ಯಾಸ ಮಾಡಿದೆ. ದಕ್ಷಿಣಕ್ಕೆ ಇಳಿಜಾರಾದ ಗಾಜಿನ ಅಥವಾ ಪಾಲಿಥೀನ್ ಮಾಡು, ಒಳಗೆ ಕಪ್ಪು ಬಣ್ಣದ ತಗಡು, ಅಡ್ಡಪಟ್ಟಿ ಕೊಟ್ಟು ಪೇರಿಸಿದ ಹಲಗೆ, ನಡುವೆ ಗಾಳಿ ಹಾಯಿಸುವ ಫ್ಯಾನು, ತೇವ ಹೊರಹೋಗಲು ಕಿಂಡಿ. ಬಯಲಲ್ಲಿ ತಿಂಗಳುಗಟ್ಟಲೆ ಹಿಡಿಯುವ ಕೆಲಸ ಇಲ್ಲಿ ವಾರಗಳಲ್ಲಿ ಮುಗಿಯುತ್ತದೆ.

ಇದರ ದೊಡ್ಡ ಗುಣ ಇರುವುದು ರಾತ್ರಿಯಲ್ಲಿ. ಸೂರ್ಯ ಮುಳುಗಿದ ಮೇಲೆ ಗೂಡು ತಣ್ಣಗಾಗಿ ಒಳಗಿನ ಗಾಳಿಯ ತೇವಾಂಶ ಏರುತ್ತದೆ. ಹಗಲು ಬೇಗ ಒಣಗಿದ ಹಲಗೆಯ ಮೈ ತುಸು ಮೆತ್ತಗಾಗುತ್ತದೆ, ಒಳಗಿನ ತೇವ ಹೊರಮೈಗೆ ಬರಲು ಸಮಯ ಸಿಗುತ್ತದೆ. ಹೊರಮೈ–ಒಳಮೈಗಳ ಜಗ್ಗಾಟ ಸಡಿಲವಾಗಿ ಬಿರುಕು ಕಡಿಮೆಯಾಗುತ್ತದೆ.

ಈಗ ಗೂಡಿನ ಹೊರಗೇ ಶಾಖ ಹಿಡಿಯುವ ಫಲಕ, ಶಾಖ ಕೂಡಿಡಲು ಕಲ್ಲಿನ ಹಾಸು ಅಥವಾ ನೀರಿನ ತೊಟ್ಟಿ, ಸೌರ ವಿದ್ಯುತ್ತಿನ ಫ್ಯಾನು, ತೇವಾಂಶ ನೋಡಿ ಕಿಂಡಿ ತೆರೆದು ಮುಚ್ಚುವ ಸೆನ್ಸರ್ ಬಂದಿವೆ. ಮಿತಿಯೂ ಇದೆ. ಮಲೆನಾಡಿನ ಮಳೆಗಾಲದಲ್ಲಿ ಇದು ಹೆಚ್ಚುಕಡಿಮೆ ನಿಂತುಹೋಗುತ್ತದೆ. ರಫ್ತಿನ ಪೆಟ್ಟಿಗೆ ಮರಕ್ಕೆ ಕೀಟನಾಶಕ್ಕಾಗಿ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ತಾಗಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ. ಬರೀ ಬಿಸಿಲನ್ನು ನಂಬಿ ಆ ಭರವಸೆ ಕೊಡಲಾಗದು.

ಊರಿನಿಂದ ಬಾಗಿಲು, ಮಂಚ, ತೊಟ್ಟಿಲು ತರಿಸುವ ನಾವು ‘ಮರ ಒಣಗಿದೆಯಾ?’ ಎಂದು ಕೇಳಿದರೆ ಸಾಲದು, ‘ಎಷ್ಟು ಪರ್ಸೆಂಟ್?’ ಎಂದು ಕೇಳಬೇಕು. ಬಡಗಿಯ ಬಳಿ ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಅದೇ ಹಲಗೆಯ ಸಣ್ಣ ತುಂಡನ್ನು ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ ಓವನ್‌ನಲ್ಲಿ ಒಣಗಿಸಿ ಮತ್ತೆ ತೂಗಿ. 118 ಗ್ರಾಂ ಇದ್ದದ್ದು 100ಕ್ಕೆ ಬಂದರೆ ತೇವ ಶೇ 18. ದೆಹಲಿ, ಹೈದರಾಬಾದಿನ ಬೇಸಿಗೆಗೆ ಇದು ನಡೆಯದು.

ಅಜ್ಜನ ಮರದ ಇನ್ನೂ ಮೂರು ಹಲಗೆ ಅಟ್ಟದ ಮೇಲಿವೆ. ದೀಪಾವಳಿ ಕಳೆದು ಬಿಸಿಲು ಬಲಿತ ಮೇಲೆ ಅಂಗಳದಲ್ಲೊಂದು ಪುಟ್ಟ ಗೂಡು ಕಟ್ಟುವುದೆಂದು ಅಪ್ಪನೂ ನಾನೂ ಮಾತಾಡಿಕೊಂಡಿದ್ದೇವೆ. ಅಡಿಕೆ ಒಣಗುವ ಅಂಗಳದಲ್ಲಿ ಹಲಸಿಗೂ ಜಾಗ ಮಾಡಿಕೊಡುತ್ತಾರಂತೆ. ಬಿರಿದ ಮೇಜಿನ ಮೇಲೆಯೇ ಈಗಲೂ ಊಟ ಮಾಡುತ್ತಿದ್ದೇವೆ, ಎಸೆಯಲು ಮನಸ್ಸು ಬಂದಿಲ್ಲ.