ಬಾಟಲಿಯ ಅಮೈನೋ ಆಸಿಡ್, ಗಜನಿಯ ಕೆಸರು

ಎರಡು ವರ್ಷದ ಹಿಂದೆ ಅಮ್ಮನ ಬದನೆ ಸಾಲು ಪೂರ್ತಿ ಸಾಯಿಸಿದ್ದು ನಾನೇ. ತೋಟಗಾರಿಕೆ ಪದವಿ ಓದಿದವನು, ಸಾವಯವ ಬೇಸಾಯ ಮಾಡ್ತೇನೆ ಅಂತ ನಾಲ್ಕು ಜನರಿಗೆ ಹೇಳಿಕೊಂಡು ತಿರುಗುವವನು. ಆ ತಪ್ಪು ನೀವು ಮಾಡಬಾರದು ಅಂತಲೇ ಈ ವಾರ ಬರೀತಿದ್ದೇನೆ.

ಮೀನಿನ ತ್ಯಾಜ್ಯಕ್ಕೆ ಬೆಲ್ಲ ಸೇರಿಸಿ ಕೊಳೆಸಿ ನಾನೇ ಫಿಶ್ ಅಮೈನೋ ಮಾಡಿಕೊಳ್ತೇನೆ. ಒಂದು ಕ್ಯಾನ್ ಹಿಡಿದು ಕುಮಟಾ ಕಡೆ ಕಗ್ಗ ಭತ್ತ ಬೆಳೆಯುವ ಹಿರಿಯರೊಬ್ಬರ ಹತ್ತಿರ ಹೋಗಿದ್ದೆ. ಅವರು ನಕ್ಕುಬಿಟ್ಟರು. "ಇದೆಂತಕ್ಕೆ ತಮಾ? ಹೊಳೆ ವರ್ಷವೂ ತಂದು ಹಾಕ್ತದಲ್ಲ!"

ಅವರ ಮಾತು ನಿಜ. ಅಘನಾಶಿನಿ ಅಳಿವೆಯ ಅಂಚಿನ ಗಜನಿ ಗದ್ದೆಗಳಿಗೆ ಗೊಬ್ಬರ ಹಾಕುವ ಪದ್ಧತಿಯೇ ಇಲ್ಲ. ಮುಂಗಾರು ಮಳೆ ಉಪ್ಪು ತೊಳೆದ ಮೇಲೆ ಮೊಳಕೆ ಬೀಜ ಚೆಲ್ಲುತ್ತಾರೆ. ಮಳೆಗಾಲ ಮುಗಿದ ಮೇಲೆ ತೆನೆಯಷ್ಟೇ ಕೊಯ್ದು ಹುಲ್ಲು ಅಲ್ಲೇ ಬಿಡುತ್ತಾರೆ. ಆಮೇಲೆ ಉಪ್ಪುನೀರು ಒಳಗೆ ಬಿಟ್ಟರೆ ಸಿಗಡಿ, ಮೀನು. ಕೊಳೆತ ಹುಲ್ಲು ಅವಕ್ಕೆ ಮೇವು, ಅವುಗಳ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರ.

ಕೆಸರೇ ಇಷ್ಟು ಒಳ್ಳೆಯದಾದರೆ ತೋಟಕ್ಕೇ ತರಬಾರದೇಕೆ ಅನ್ನಿಸಿತು. ಫೆಬ್ರವರಿಯಲ್ಲಿ ಗೆಳೆಯನ ಗಜನಿಯ ಕಾಲುವೆಯಿಂದ ಎಂಟು ಚೀಲ ಕಪ್ಪು ಕೆಸರು ತಂದು ಬದನೆ ಬುಡಕ್ಕೆ ಕೊಟ್ಟೆ. ಹತ್ತೇ ದಿನಕ್ಕೆ ಎಲೆಯಂಚು ಸುಟ್ಟಂತಾಯ್ತು. ತಿಂಗಳೊಳಗೆ ಗಿಡ ಹೋದವು. "ಓದಿದ್ದೆಲ್ಲ ಎಲ್ಲಿಟ್ಟೆಯೋ?" ಅಂದರು ಅಮ್ಮ. ಆಮೇಲೆ ಪುಸ್ತಕ ತೆಗೆದೆ.

ಕೆಸರಿನಲ್ಲಿ ಸಾರ ಎಲ್ಲಿಂದ ಬರುತ್ತದೆ?

ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಮಣ್ಣು, ತರಗೆಲೆ ನೇರ ಕೆಳಗೆ ಬರುತ್ತವೆ. ಸಿಹಿನೀರು ಉಪ್ಪುನೀರಿಗೆ ಸೇರುವಲ್ಲಿ ನುಣ್ಣನೆಯ ಜೇಡಿ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ ತಳ ಸೇರುತ್ತವೆ. ಜೊತೆಗೆ ಪಾಚಿ, ಕಾಂಡ್ಲಾ ಎಲೆ, ಸತ್ತ ಜೀವಿಗಳೂ ಕೂತುಕೊಳ್ಳುತ್ತವೆ. ಮರಳಿಗಿಂತ ಜೇಡಿ ಸಾವಯವ ಅಂಶವನ್ನು ಹೆಚ್ಚು ಹಿಡಿದಿಡುತ್ತದೆ.

ಪಾಚಿಯಲ್ಲಿ ಇಂಗಾಲ-ಸಾರಜನಕದ ಅನುಪಾತ ಸುಮಾರು 7:1. ಮರದ ಎಲೆಗಳಲ್ಲಿ ಅದು ಸಾಮಾನ್ಯವಾಗಿ 20:1ಕ್ಕಿಂತ ಹೆಚ್ಚು. ಪಾಚಿ ಬೇಗ ಕೊಳೆತು ಬೇಗ ಸಾರ ಬಿಡುವುದು ಇದರಿಂದಲೇ.

ಆ ಸಾರಜನಕದ ಬಹುಪಾಲು ಇರುವುದು ಪ್ರೋಟೀನಿನಲ್ಲಿ. ಪ್ರೋಟೀನ್ ಅಂದರೆ ಅಮೈನೋ ಆಸಿಡ್‌ಗಳ ಸರಪಳಿ, ತೂಕದಲ್ಲಿ ಸುಮಾರು 16% ಸಾರಜನಕ. ಸೂಕ್ಷ್ಮಜೀವಿಗಳು ಸರಪಳಿ ಕತ್ತರಿಸಿ ಅಮೈನೋ ಆಸಿಡ್ ಮಾಡುತ್ತವೆ, ಅದನ್ನೂ ಒಡೆದು ಅಮೋನಿಯಂ ಮಾಡುತ್ತವೆ. ನೀರು ನಿಂತ ಗದ್ದೆಯಲ್ಲಿ ಭತ್ತ ಮುಖ್ಯವಾಗಿ ಹೀರುವುದು ಈ ಅಮೋನಿಯಂ. ಬೇರು ಅಮೈನೋ ಆಸಿಡನ್ನು ನೇರವಾಗಿಯೂ ಹೀರಬಲ್ಲದು, ಆದರೆ ಬೆಳೆಯ ಹಸಿವು ತೀರಿಸುವಷ್ಟಲ್ಲ. ಬಾಟಲಿ ಕೊಳ್ಳುವಾಗ ಇದು ನೆನಪಿರಲಿ.

ಕೆಸರು ಹೊಸದೋ ಹಳತೋ ಅನ್ನುವುದನ್ನೂ ಅಮೈನೋ ಆಸಿಡ್ ಹೇಳುತ್ತದೆ. 1998ರಲ್ಲಿ ಡಾವೆ ಮತ್ತು ಮಿಡಲ್‌ಬರ್ಗ್ ಎಂಬ ವಿಜ್ಞಾನಿಗಳು ಉತ್ತರ ಸಮುದ್ರದ ಕೆಸರನ್ನು ಪರೀಕ್ಷಿಸಿ ಇದಕ್ಕೊಂದು ಅಳತೆ ಕೊಟ್ಟರು. ಹೊಸ ಕೆಸರಿನಲ್ಲಿ ಗ್ಲುಟಾಮಿಕ್ ಆಸಿಡ್, ಟೈರೋಸಿನ್‌ನಂಥವುಗಳ ಪಾಲು ಹೆಚ್ಚು. ಸೂಕ್ಷ್ಮಜೀವಿಗಳು ತಿಂದು ಮುಗಿಸಿದಂತೆ ಅವು ಇಳಿದು ಗ್ಲೈಸಿನ್, ಗಾಬಾ ಮೊದಲಾದವುಗಳ ಪಾಲು ಏರುತ್ತದೆ. ಅಂದರೆ ಕಪ್ಪಗಿದೆ ಅಂದಮಾತ್ರಕ್ಕೆ ಸಾರ ಇದೆ ಅಂತಲ್ಲ.

ನಾನು ಎಡವಿದ್ದೆಲ್ಲಿ?

ಮೊದಲನೆಯದು ಉಪ್ಪು. ಗಜನಿಯಲ್ಲಿ ಮುಂಗಾರು ತೊಳೆದ ಮೇಲೆ ಬಿತ್ತನೆ. ನಾನು ತಂದದ್ದು ಬೇಸಿಗೆಯಲ್ಲಿ, ಉಪ್ಪು ತುಂಬಿದ್ದಾಗ. ಕಗ್ಗ ಉಪ್ಪು ತಡೆಯುತ್ತದೆ, ಬದನೆ ತಡೆಯುವುದಿಲ್ಲ.

ಎರಡನೆಯದು ಗಂಧಕ. ಗಾಳಿಯಿಲ್ಲದ ಕೆಸರಿನಲ್ಲಿ ಸಮುದ್ರದ ನೀರಿನ ಸಲ್ಫೇಟ್ ಸಲ್ಫೈಡ್ ಆಗುತ್ತದೆ. ಆ ಕೊಳೆತ ಮೊಟ್ಟೆ ವಾಸನೆ, ಕಪ್ಪು ಬಣ್ಣ ಎರಡೂ ಅದರದ್ದೇ. ಅದನ್ನು ಗಾಳಿಗೆ ಹರಡಿದರೆ ಸಲ್ಫ್ಯೂರಿಕ್ ಆಸಿಡ್ ಹುಟ್ಟಬಹುದು. ನಾನು 'ಫಲವತ್ತು' ಅಂದುಕೊಂಡ ಕಪ್ಪು ಬಣ್ಣವೇ ಎಚ್ಚರಿಕೆಯಾಗಿತ್ತು.

ನೀವು ಮಾಡಬೇಕಾದ್ದು

- ಅಳಿವೆಯ ಕೆಸರನ್ನು ತರಕಾರಿಗೆ ನೇರವಾಗಿ ಹಾಕಲೇಬೇಡಿ. ಕಾಂಡ್ಲಾ ಬುಡವನ್ನಂತೂ ಕೆದಕಬೇಡಿ. ಅದು ಮೀನಿನ ತೊಟ್ಟಿಲು, ಕರಾವಳಿ ನಿಯಂತ್ರಣ ಕಾನೂನಿನ ರಕ್ಷಣೆಯೂ ಇದೆ.
- ಸ್ವಂತ ಗದ್ದೆಯ ಕಾಲುವೆ ಹೂಳು ಎತ್ತಿದರೆ ಒಂದು ಮಳೆಗಾಲ ರಾಶಿ ಹಾಕಿ ತೊಳೆಯಲು ಬಿಡಿ. ಆಮೇಲೂ ಉಪ್ಪು ತಡೆಯುವ ತೆಂಗಿಗೆ ಮೊದಲು ಕೊಟ್ಟು ನೋಡಿ.
- ಹಾಕುವ ಮೊದಲು ಇಸಿ, ಪಿಎಚ್ ಪರೀಕ್ಷೆ ಮಾಡಿಸಿ. ಸ್ಯಾಚುರೇಟೆಡ್ ಪೇಸ್ಟ್ ವಿಧಾನದಲ್ಲಿ ಇಸಿ 4 ದಾಟಿದರೆ ಉಪ್ಪು ಮಣ್ಣು. ನೀರು ಹೆಚ್ಚು ಬೆರೆಸುವ ವಿಧಾನದಲ್ಲಿ ಅಂಕಿ ಕಡಿಮೆ ಬರುತ್ತದೆ, ಯಾವ ವಿಧಾನ ಅಂತ ಕೇಳಿ.
- ಒಂದು ಹಿಡಿ ಕೆಸರನ್ನು ತೆಳ್ಳಗೆ ಹರಡಿ, ತೇವ ಆರದಂತೆ ಎಂಟು ವಾರ ಗಾಳಿಗಿಟ್ಟು ಮತ್ತೆ ಪಿಎಚ್ ನೋಡಿ. 4ಕ್ಕಿಂತ ಕೆಳಗಿಳಿದರೆ ಆಸೆ ಬಿಡಿ.

2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿ ಸೇರಿತು. ಹೆಮ್ಮೆಯೇ. ಆದರೆ ಆ ಹಿರಿಯರ ಪಕ್ಕದ ಗದ್ದೆ ಒಡ್ಡು ಒಡೆದು ಬೀಳುಬಿದ್ದಿದೆ. ಒಡ್ಡಿಲ್ಲದೆ ಉಪ್ಪುನೀರು ತಡೆಯಲಾಗದು, ಉಪ್ಪು ತೊಳೆಯದೆ ಕಗ್ಗ ಬೆಳೆಯದು. ಹೊಳೆ ಮಾತ್ರ ತನ್ನ ಕೆಲಸ ಬಿಟ್ಟಿಲ್ಲ. ಬಿಟ್ಟವರು ನಾವು, ಊರು ಬಿಟ್ಟು ಹೋದ ನಮ್ಮ ವಯಸ್ಸಿನವರು.

ಕಳೆದ ಬೇಸಿಗೆಯಲ್ಲಿ ಅವರ ಒಡ್ಡಿಗೆ ಮಣ್ಣು ಹೊರಲು ಎರಡು ದಿನ ಹೋಗಿದ್ದೆ. ಸಂಜೆ ಗಂಜಿ ಊಟಕ್ಕೆ ಕೂತಾಗ ಕೇಳಿದರು: "ಕ್ಯಾನ್ ತಂದಿದ್ಯಾ ತಮಾ?"

ಇಲ್ಲ, ಹಾರೆ ತಂದಿದ್ದೇನೆ ಅಂದೆ.